ಹನ್ನೊಂದು ಲಾರಿ, ಆರು ಮಂದಿ ಡ್ರೈವರು

ಹೋದ ತಿಂಗಳು ಸಂಡೂರಿನಲ್ಲಿ ಒಂದು ಮದುವೆ ಮುಗಿಸಿಕೊಂಡು ಬಸ್ಸಿನಲ್ಲಿ ಹೊಸಪೇಟೆಗೆ ಬರುತ್ತಿದ್ದೆ. ಗುಡ್ಡದ ಇಳಿಜಾರಿನಲ್ಲಿ ಡ್ರೈವರು ಮೇಲಿಂದ ಮೇಲೆ ಬ್ರೇಕ್ ತುಳಿಯುತ್ತಿದ್ದ. ಬ್ರೇಕ್ ಲೈನರ್ ಕಾದ ವಾಸನೆ ಕಿಟಕಿಯಿಂದ ಒಳಗೆ ಬಂತು. ಸುಟ್ಟ ರಬ್ಬರಿಗೆ ಕಬ್ಬಿಣದ ಪುಡಿ ಬೆರೆಸಿದಂಥ, ಗಂಟಲಿಗೆ ಹತ್ತುವ ವಾಸನೆ. ಪಕ್ಕದ ಸೀಟಿನ ಹೆಂಗಸು ಮೂಗಿಗೆ ಸೆರಗು ಹಿಡಿದುಕೊಂಡಳು. ನಾನು ನೋಡಿಕೊಂಡರೆ ನನ್ನ ಎರಡೂ ಕೈಗಳು ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದವು. ಬಸ್ಸು ಸಪಾಟು ದಾರಿಗೆ ಇಳಿದ ಮೇಲೂ ಸ್ವಲ್ಪ ಹೊತ್ತು ಬಿಡಿಸಲು ಆಗಲಿಲ್ಲ. ಆ ಒಂದು ವರ್ಷ ಇದ್ದ ಹಾಗೆಯೇ ಕಣ್ಣ ಮುಂದೆ ಬಂದು ನಿಂತಿತು.

ಆಗ ನನಗೆ ಇಪ್ಪತ್ತನಾಲ್ಕು. ಬಿ.ಕಾಂ. ಮುಗಿಸಿ ಕಂಪ್ಲಿಯ ಮನೆಯಲ್ಲಿ ಕೂತಿದ್ದೆ. ಚನ್ನಬಸಪ್ಪನವರೆಂಬ ಸಾವಕಾರರ ಅಕ್ಕಿ ಗಿರಣಿಯಲ್ಲಿ ಅಪ್ಪ ಭತ್ತ ತೂಗುವ ಕೆಲಸ ಮಾಡುತ್ತಿದ್ದರು. ಸಂಡೂರಿನ ಗುಡ್ಡಗಳ ಅದಿರು ಚೀನಾಕ್ಕೆ ಹೋಗಲು ಶುರುವಾಗಿ, ನಮ್ಮ ಕಡೆ ಕೈಯಲ್ಲಿ ಸ್ವಲ್ಪ ದುಡ್ಡಾಡುತ್ತಿದ್ದವರೆಲ್ಲ ಲಾರಿ ಕೊಳ್ಳುತ್ತಿದ್ದ ಕಾಲ. ಚನ್ನಬಸಪ್ಪನವರೂ ಗಿರಣಿಯನ್ನು ತಮ್ಮನಿಗೆ ಬಿಟ್ಟು, ಹೊಸಪೇಟೆಯ ಹೊರಗೆ ಸಂಡೂರು ರಸ್ತೆಯ ಬದಿಗೆ ಒಂದು ಅಂಗಳ ಹಿಡಿದು ಲಾರಿ ಆಫೀಸು ತೆರೆದರು. ತೂಕದಲ್ಲಿ ಒಂದು ದಿನವೂ ಮೋಸ ಮಾಡದವನ ಮಗಳು ಎಂದು ನನ್ನನ್ನು ಕರೆದು, ಟ್ರಿಪ್ ಶೀಟ್ ಬರೆಯಲು ಕೂರಿಸಿದರು. ಯಾವ ಲಾರಿ, ಯಾವ ಡ್ರೈವರು, ಎಷ್ಟು ಗಂಟೆಗೆ ಹೊರಟ, ಯಾವ ಗಣಿ, ಅದಿರು ಇಳಿಸುವುದು ಯಾವ ರೈಲು ಸೈಡಿಂಗ್ ಎಂದು ಬರೆದು, ಕೆಳಗೆ ಡ್ರೈವರನ ಸಹಿ ಹಾಕಿಸಿ, ನನ್ನದೂ ಹಾಕಿ ಕೀಲಿ ಕೊಡುವುದು. ಚಿತ್ತವಾಡಗಿಯಲ್ಲಿ ಸೋದರತ್ತೆಯ ಮನೆಯಲ್ಲಿ ನಾನು ಇರುತ್ತಿದ್ದೆ.

ಆ ವರ್ಷದ ಆಯುಧಪೂಜೆಗೆ ಲಾರಿಗಳನ್ನೆಲ್ಲ ತೊಳೆದು, ಬಾಳೆಕಂದು ಕಟ್ಟಿ, ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದರು. ಒಟ್ಟು ಹನ್ನೊಂದು. ಚನ್ನಬಸಪ್ಪನವರು ಒಂದೊಂದರ ಮುಂದೆಯೂ ಕುಂಬಳಕಾಯಿ ಒಡೆದು, ಊರೊಳಗೆ ಒಂದು ಸುತ್ತು ಹಾಕಿ ಬನ್ನಿ ಎಂದರು. ಆರು ಲಾರಿ ಗೇಟು ದಾಟಿ ಹೋದವು. ಐದು ಅಲ್ಲೇ ನಿಂತವು. ಅವುಗಳನ್ನು ಓಡಿಸಲು ಮನುಷ್ಯರೇ ಇರಲಿಲ್ಲ. ಎದುರು ಚಹಾದಂಗಡಿಯಲ್ಲಿ ಕೂತವರು ನಕ್ಕರು. ಹೊಸಪೇಟೆಯಲ್ಲಿ ಲಾರಿ ಕೊಳ್ಳಲು ಒಂದು ದಿನ ಸಾಕು, ಡ್ರೈವರು ಸಿಗಬೇಕಾದರೆ ಹರಕೆ ಹೊರಬೇಕು ಎಂಬುದು ಆಗಿನ ಮಾತು. ಮರುದಿನ ಚನ್ನಬಸಪ್ಪನವರು ನನ್ನ ಮೇಜಿನ ಮುಂದೆ ಕೂತು, ಟ್ರಿಪ್ ಶೀಟ್ ಬರೆಯುವುದರ ಜೊತೆಗೆ ಇನ್ನು ಡ್ರೈವರನ್ನೂ ನೀನೇ ಹುಡುಕು ಎಂದರು. ಈ ಮೊದಲು ಅವರು ಕಳಿಸಿದ ಇಬ್ಬರು ಗಂಡಸರು ಢಾಬಾಗಳಲ್ಲಿ ಕೂತು, ತಮ್ಮಂತೆಯೇ ಕುಡಿಯುವವರನ್ನು ಕರೆತಂದಿದ್ದರಂತೆ.

ಬಂದವರಿಗೇನೂ ಕಡಿಮೆ ಇರಲಿಲ್ಲ. ಆಂಧ್ರದ ಗಡಿಯಿಂದ ತೆಲುಗು ಮಾತಾಡುತ್ತ ಬಂದವರು, ಆಟೋ ಬಿಟ್ಟು ಬಂದವರು, ಗದ್ದೆಯಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಿದ್ದವರು. ಒಬ್ಬನ ಲೈಸೆನ್ಸಿನಲ್ಲಿ ಅವನ ಅಣ್ಣನ ಫೋಟೋ ಇತ್ತು, ಎರಡು ಸಲ ನೋಡಿದ ಮೇಲೆ ನನಗೆ ತಿಳಿಯಿತು. ಯಾರು ನಿಜವಾದ ಡ್ರೈವರು, ಯಾರು ಅಲ್ಲ ಎಂದು ಹೇಳುವುದು ಹೇಗೆ ಎಂಬುದೇ ನನಗೆ ಗೊತ್ತಿರಲಿಲ್ಲ. ಕಾಗದ ನೋಡಿ ಐದು ಮಂದಿಯನ್ನು ತೆಗೆದುಕೊಂಡೆ. ತಿಂಗಳೊಳಗೆ ನಾಲ್ವರು ಹೇಳದೆ ಕೇಳದೆ ಹೋದರು. ಒಬ್ಬ ಲಾರಿಯನ್ನು ಸೈಡಿಂಗಿನಲ್ಲಿ ನಿಲ್ಲಿಸಿ, ಕೀಲಿಯನ್ನು ಚಹಾದಂಗಡಿಯಲ್ಲಿ ಕೊಟ್ಟು ಬಸ್ಸು ಹತ್ತಿದ್ದ.

ಆಗ ನಮ್ಮ ಲಾರಿ ರಿಪೇರಿ ಮಾಡುವ ಮೇಸ್ತ್ರಿ, ಮರಿಯಮ್ಮನಹಳ್ಳಿಯಲ್ಲಿ ಈರಣ್ಣ ಎಂಬುವರು ಇದ್ದಾರೆ, ಅವರು ಒಪ್ಪಿದರೆ ನಿಮ್ಮ ಕಷ್ಟ ಅರ್ಧ ತೀರಿತು ಎಂದ. ಮೂವತ್ತು ವರ್ಷ ಗಾಡಿ ಹೊಡೆದವರು, ಮುಂಬಯಿಗೆ ಅಕ್ಕಿ, ಮಂಗಳೂರಿಗೆ ಮೆಣಸಿನಕಾಯಿ ಒಯ್ದವರು, ಒಂದು ನಾಯಿಗೂ ಗಾಲಿ ತಾಗಿಸಿದವರಲ್ಲವಂತೆ. ಈಗ ಮನೆಯಲ್ಲಿದ್ದರು. ನಾನೇ ಹೋದೆ. ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ ಸಣಕಲು ಮನುಷ್ಯ, ಅರ್ಧ ನರೆತ ಮೀಸೆ. ಕೆಲಸ ಯಾಕೆ ಬಿಟ್ಟಿರಿ ಎಂದು ಕೇಳಿದೆ. ಹಿಂದಿನ ಮಾಲೀಕರ ಮಗ, ತಮಗಿಂತ ಇಪ್ಪತ್ತೈದು ವರ್ಷ ಚಿಕ್ಕವನು, ಎಲ್ಲರೆದುರು ಲೇ ಎಂದು ಕರೆದಿದ್ದನಂತೆ. ಅವತ್ತೇ ಕೀಲಿ ಮೇಜಿನ ಮೇಲಿಟ್ಟು ಬಂದಿದ್ದರು. ಸಂಬಳದ ಮಾತು ಅವರು ಎತ್ತಲೇ ಇಲ್ಲ. ಮೂರು ಮಾತು ಒಪ್ಪಿದರೆ ಬರುತ್ತೇನೆ ಎಂದರು. ಯಾರೂ ತಮ್ಮನ್ನು ಲೇ ಅನ್ನಬಾರದು. ಹೊಸ ಡ್ರೈವರನ್ನು ತಾವು ಪರೀಕ್ಷೆ ಮಾಡದೆ ಗಾಡಿ ಹತ್ತಿಸಬಾರದು. ನಿದ್ದೆ ಬಂದಿದೆ ಎಂದವನಿಗೆ ಮತ್ತೊಂದು ಟ್ರಿಪ್ ಹೇಳಬಾರದು. ಚನ್ನಬಸಪ್ಪನವರು ಮೂರನೆಯದಕ್ಕೆ ಸ್ವಲ್ಪ ಮುಖ ಗಂಟಿಕ್ಕಿ, ಕೊನೆಗೆ ಹೂಂ ಎಂದರು.

ಈರಣ್ಣ ಕಾಕಾ ಪರೀಕ್ಷೆ ಮಾಡುವ ಬಗೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಲೈಸೆನ್ಸ್ ನೋಡುವುದು ಆಮೇಲೆ. ಮೊದಲು ಅಂಗಳದ ಮೂಲೆಯಲ್ಲಿ ನಿಂತ ಲಾರಿಯನ್ನು ತೋರಿಸಿ, ಅದನ್ನು ಗೇಟಿನ ತನಕ ತಗೊಂಡು ಬಾ ಎನ್ನುತ್ತಿದ್ದರು. ಬಂದವನು ನೇರವಾಗಿ ಹತ್ತಿ ಕೀಲಿ ತಿರುವಿದರೆ ಅಲ್ಲಿಗೆ ಮುಗಿಯಿತು. ಚಹಾ ಕುಡಿಸಿ ಕಳಿಸುವುದು. ನಾನು ಕೇಳಿದ್ದಕ್ಕೆ ಹೇಳಿದರು.

"ಗಾಡಿ ಹೊಡಿಯೋನು ಮೊದ್ಲ ಸುತ್ತ ನೋಡ್ತಾನ ಯವ್ವ. ಟೈರ್ ಬಡಿತಾನ, ಕೆಳಗ ಬಗ್ತಾನ. ನೋಡದ ಹತ್ತಿದೋನು ಗಾಡಿ ಹೊಡಿಯೂದಿಲ್ಲ, ಗಾಡೀನ ಅವನ್ನ ಹೊಡಕೊಂಡು ಹೋಗತೈತಿ."

ಅದರಲ್ಲಿ ಪಾಸಾದವರನ್ನು ಅದಿರು ತುಂಬಿದ ಲಾರಿಯಲ್ಲಿ ಸಂಡೂರಿನ ಏರಿಗೆ ಕರೆದೊಯ್ಯುತ್ತಿದ್ದರು. ಏರಿನ ನಡುವೆ ನಿಲ್ಲಿಸಿ, ಹಿಂದಕ್ಕೆ ಒಂದು ಗೇಣೂ ಜಾರದಂತೆ ಎತ್ತಬೇಕು. ಎರಡನೇ ಗೇರಿನಲ್ಲೇ ನಿಧಾನವಾಗಿ ಇಳಿಯಬೇಕು, ಬ್ರೇಕಿಗಿಂತ ಗೇರನ್ನು ನಂಬಬೇಕು. ಬಂದವರಲ್ಲಿ ಮುಕ್ಕಾಲು ಪಾಲು ಅಲ್ಲಿ ಉಳಿಯುತ್ತಿರಲಿಲ್ಲ. ಚನ್ನಬಸಪ್ಪನವರಿಗೆ ಕಸಿವಿಸಿ. ನಿಂತ ಲಾರಿ ನಿಂತೇ ಇರುತ್ತಿತ್ತು. ಆದರೆ ತೆಗೆದುಕೊಂಡವರು ಗಾಡಿ ಕೆಡಿಸುತ್ತಿರಲಿಲ್ಲ, ಅದು ಅವರಿಗೂ ಕಾಣುತ್ತಿತ್ತು.

ಸಿಕ್ಕವರು ಯಾಕೆ ಬಿಟ್ಟುಹೋಗುತ್ತಾರೆ ಎಂಬುದನ್ನು ನಾನು ತಿಳಿದದ್ದು ಮಾತ್ರ ಒಬ್ಬ ಹೆಂಗಸಿನಿಂದ. ವಡ್ಡು ಎಂಬ ಊರಿನಿಂದ ಒಂದು ಬೆಳಿಗ್ಗೆ ಬಂದು ಗೇಟಿನಲ್ಲಿ ನಿಂತಿದ್ದಳು. ನಮ್ಮ ಡ್ರೈವರೊಬ್ಬನ ಹೆಂಡತಿ. ಗಂಡ ಮನೆಗೆ ಬಂದು ಹದಿನಾರು ದಿನವಾಗಿತ್ತು, ಇದ್ದಾನೋ ಇಲ್ಲವೋ ನೋಡಿಕೊಂಡು ಹೋಗಲು ಬಂದಿದ್ದಳು. ಅವನು ಅಲ್ಲೇ ಲಾರಿಯ ಕೆಳಗೆ ಗೋಣಿ ಹಾಸಿಕೊಂಡು ಮಲಗಿದ್ದ. ಅವಳು ಎಬ್ಬಿಸಲಿಲ್ಲ, ಹತ್ತಿರ ಹೋಗಿ ನೋಡಿ, ರೊಟ್ಟಿಯ ಗಂಟನ್ನು ನನ್ನ ಕೈಗೆ ಕೊಟ್ಟು ಹೋದಳು. ಅವತ್ತಿನಿಂದ ನಾನು ಪ್ರತಿ ಡ್ರೈವರನ ಮನೆಯ ಹತ್ತಿರದ ಅಂಗಡಿಯ ಫೋನ್ ನಂಬರು ಬರೆದಿಟ್ಟುಕೊಂಡೆ. ಸಂಜೆ ಒಂದು ತಾಸು ಕೂತು, ಇವತ್ತು ನಿಮ್ಮವರು ಅದಿರು ಹೊತ್ತು ಬಂದರಿಗೆ ಹೋಗಿದ್ದಾರೆ, ನಾಡಿದ್ದು ಬರುತ್ತಾರೆ ಎಂದು ಹೇಳಿಸುತ್ತಿದ್ದೆ. ಅತ್ತ ಕಡೆಯ ಸುದ್ದಿಯನ್ನು ಡ್ರೈವರಿಗೆ ಮುಟ್ಟಿಸುತ್ತಿದ್ದೆ. ಯಾರ ಮಗುವಿಗೆ ಹಲ್ಲು ಬಂತು, ಯಾರ ಎಮ್ಮೆ ಈಯಿತು ಎಲ್ಲ ನನಗೆ ಗೊತ್ತಿತ್ತು. ಫೋನಿನ ಬಿಲ್ಲು ನೋಡಿ ಚನ್ನಬಸಪ್ಪನವರು ಬೈದರು. ಈರಣ್ಣ ಕಾಕಾ ಅವರಿಗೆ ಏನು ಹೇಳಿದರೋ, ಮುಂದೆ ಬೈಯಲಿಲ್ಲ. ಅಷ್ಟೇ ಅಲ್ಲ, ಅಂಗಳದ ಹಿಂದೆ ತಗಡಿನ ಶೆಡ್ಡು ಹಾಕಿಸಿ, ನಾಲ್ಕು ಮಂಚ, ಎರಡು ಫ್ಯಾನು, ಒಂದು ನೀರಿನ ತೊಟ್ಟಿ ಮಾಡಿಸಿದರು. ಸಂಕ್ರಾಂತಿಯ ಹೊತ್ತಿಗೆ ಒಂಬತ್ತು ಮಂದಿ ಡ್ರೈವರಾಗಿದ್ದರು.

ಆ ದಿನಗಳಲ್ಲೇ ದೇವೇಂದ್ರ ಬಂದ. ಬಂಡ್ರಿಯವನು, ಮೂವತ್ತರ ಹತ್ತಿರದವನು, ಗಣಿಯಲ್ಲಿ ಗುದ್ದಲಿ ಹಿಡಿದು, ಆಮೇಲೆ ಟ್ರ್ಯಾಕ್ಟರ್ ಹೊಡೆದವನು. ಲಾರಿಯ ಸುತ್ತ ಬಂದು ಟೈರುಗಳನ್ನೆಲ್ಲ ಬಡಿದು ನೋಡಿದ್ದು ಕಂಡು ಈರಣ್ಣ ಕಾಕಾಗೆ ಖುಷಿಯಾಯಿತು. ಏರಿನಲ್ಲಿ ಮಾತ್ರ ಲಾರಿ ನಾಲ್ಕು ಅಡಿ ಹಿಂದೆ ಜಾರಿತು. ಅವನ ಲೈಸೆನ್ಸೂ ಟ್ರ್ಯಾಕ್ಟರಿನದು, ಲಾರಿಗೆ ಬೇಕಾದ ಹೆವಿ ಲೈಸೆನ್ಸ್ ಇರಲಿಲ್ಲ. ಕೈ ಚೆನ್ನಾಗಿದೆ, ಕಾಲಿಗೆ ಇನ್ನೂ ಬುದ್ಧಿ ಬಂದಿಲ್ಲ, ಯುಗಾದಿಯ ತನಕ ನನ್ನ ಪಕ್ಕದಲ್ಲಿ ಕೂತು ನೋಡಲಿ, ಆಮೇಲೆ ಲೈಸೆನ್ಸ್ ಮಾಡಿಸೋಣ ಎಂದರು ಕಾಕಾ. ದೇವೇಂದ್ರ ಒಪ್ಪಿಕೊಂಡ. ಲಾರಿ ತೊಳೆಯುತ್ತಿದ್ದ, ಅದಿರಿನ ಮೇಲೆ ತಾಡಪತ್ರಿ ಕಟ್ಟುತ್ತಿದ್ದ, ಕಾಕಾ ಗೇರು ಬದಲಿಸಿದಾಗಲೆಲ್ಲ ಅವರ ಕಾಲನ್ನೇ ನೋಡುತ್ತಿದ್ದನಂತೆ. ಅವನ ಹೆಂಡತಿ ಹುಲಿಗೆಮ್ಮ ಅಂಗಡಿಯ ಫೋನಿಗೆ ಬಂದಾಗಲೆಲ್ಲ ಕೇಳುವುದು ಒಂದೇ. ಪರೀಕ್ಷೆ ಯಾವಾಗರಿ ಅಕ್ಕ ಎಂದು.

ಶಿವರಾತ್ರಿ ಕಳೆದು ಬಿಸಿಲು ಏರಿತು. ಮಳೆ ಹಿಡಿಯುವುದರೊಳಗೆ ಅದಿರು ಸಾಗಿಸಬೇಕೆಂದು ಎಲ್ಲರಿಗೂ ಅವಸರ. ರಸ್ತೆಯ ಮೇಲೆ ಲಾರಿಯ ಹಿಂದೆ ಲಾರಿ, ನಡುವೆ ಒಂದು ಸೈಕಲ್ ತೂರಲು ಜಾಗವಿಲ್ಲ. ಬೇವಿನಮರಗಳ ಎಲೆ, ಬಾಳೆತೋಟ, ಬಸ್ ಸ್ಟ್ಯಾಂಡಿನ ಬೆಂಚು ಎಲ್ಲ ಕೆಂಪು. ಸಂಜೆ ನಾನು ಮುಖ ತೊಳೆದರೆ ಬೋಗುಣಿಯ ನೀರು ಕುಂಕುಮ ಕದಡಿದಂತಾಗುತ್ತಿತ್ತು. ಅಂಥ ಹೊತ್ತಿನಲ್ಲಿ ರಸ್ತೆಯ ಆಚೆ ತುದಿಯಲ್ಲಿ ಹೊಸದಾಗಿ ಬಂದ ಒಬ್ಬ ಮಾಲೀಕ, ತನ್ನಲ್ಲಿ ಸೇರಿದ ಪ್ರತಿ ಡ್ರೈವರಿಗೂ ಮೊಬೈಲ್ ಫೋನ್ ಕೊಡುತ್ತೇನೆ ಎಂದ. ಆಗ ನಮ್ಮ ಸಾವಕಾರರ ಬಳಿಯೂ ಇದ್ದದ್ದು ಒಂದೇ ಮೊಬೈಲು. ಒಂದೇ ವಾರದಲ್ಲಿ ನಮ್ಮ ನಾಲ್ವರು ಹೋದರು. ಒಬ್ಬ ಹೋಗುವಾಗ ನನ್ನ ಮುಂದೆ ನಿಂತು, ಮನೆಯವರ ಜೊತೆ ನಾನೇ ಮಾತಾಡಬಹುದಲ್ಲ ಅಕ್ಕ ಎಂದ. ಅವನ ಮನೆಯ ಹತ್ತಿರದ ಅಂಗಡಿಯ ನಂಬರನ್ನು ಪುಸ್ತಕದಲ್ಲಿ ಹೊಡೆದುಹಾಕಿದೆ.

ಉಳಿದವರು ಐದೇ ಮಂದಿ. ಈರಣ್ಣ ಕಾಕಾ ತಮ್ಮನ ಮಗಳ ಮದುವೆಗೆಂದು ನಾಲ್ಕು ದಿನ ರಜೆ ಹೇಳಿ ಊರಿಗೆ ಹೋದರು. ಮೂರು ತಿಂಗಳಲ್ಲಿ ಅವರು ಕೇಳಿದ ಮೊದಲ ರಜೆ. ಮರುದಿನ ಬೆಳಿಗ್ಗೆ ಚನ್ನಬಸಪ್ಪನವರು ಫೋನ್ ಮಾಡಿದರು. ಗಣಿಯವರು ಕೂಗಾಡುತ್ತಿದ್ದಾರೆ, ಇವತ್ತು ಗಾಡಿ ಹೋಗದಿದ್ದರೆ ಕೆಲಸವೇ ಬೇರೆಯವರ ಪಾಲಾಗುತ್ತದೆ, ದೇವೇಂದ್ರನಿಗೆ ಕೀಲಿ ಕೊಡು ಎಂದರು. ಅವನಿಗೆ ಹೆವಿ ಲೈಸೆನ್ಸ್ ಇಲ್ಲವೆಂದೆ. ಯುಗಾದಿಗೆ ಇನ್ನು ಹದಿನೈದು ದಿನ, ಹದಿನೈದು ದಿನದಲ್ಲಿ ಅವನೇನು ಹೊಸದಾಗಿ ಕಲಿಯುತ್ತಾನೆ ಎಂದು ಫೋನ್ ಇಟ್ಟರು.

ದೇವೇಂದ್ರ ತೊಟ್ಟಿಯ ಬಳಿ ಲಾರಿ ತೊಳೆಯುತ್ತಿದ್ದ. ಕರೆದೆ. ಕೀಲಿ ನೋಡಿ ಅವನ ಮುಖ ಅರಳಿತು, ಆದರೆ ಕೈ ಚಾಚಲಿಲ್ಲ.

"ಕಾಕಾಗ ಕೇಳೀರೇನ್ರಿ ಅಕ್ಕಾರ?" ಎಂದ.

"ಸಾವಕಾರ್ರು ಹೇಳ್ಯಾರ," ಎಂದೆ. ಅದು ಅವನು ಕೇಳಿದ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಟ್ರಿಪ್ ಶೀಟಿನಲ್ಲಿ ಅವನ ಹೆಸರು ಬರೆದೆ. ಅವನು ಕೈ ಒರೆಸಿಕೊಂಡು, ಒಂದೊಂದು ಅಕ್ಷರವನ್ನೂ ಬಿಡಿಸಿ ಸಹಿ ಹಾಕಿದ. ಅದರ ಪಕ್ಕದಲ್ಲಿ ನಾನು ಹಾಕಿದೆ.

ಎರಡು ಟ್ರಿಪ್ ಸುಸೂತ್ರವಾಗಿ ಮುಗಿದವು. ಮೂರನೆಯದಕ್ಕೆ ಹೋದವನ ಸುದ್ದಿ ಮಧ್ಯಾಹ್ನ ಮೂರರ ಸುಮಾರಿಗೆ ಲಾರಿ ತೂಗುವ ವೇಬ್ರಿಡ್ಜಿನಿಂದ ಫೋನಿನಲ್ಲಿ ಬಂತು. ಮೇಸ್ತ್ರಿಯ ಜೀಪಿನಲ್ಲಿ ಹೋದೆ. ಇಳಿಜಾರಿನ ತಿರುವಿನಲ್ಲಿ ಲಾರಿ ಗುಡ್ಡದ ಕಡೆಗೆ ಒರಗಿ ಬಿದ್ದಿತ್ತು, ಅದಿರು ರಸ್ತೆಯ ತುಂಬ ಚೆಲ್ಲಿತ್ತು. ಗಾಲಿಗಳಿಂದ ಹೊಗೆ ಏಳುತ್ತಿತ್ತು. ಹೋದ ತಿಂಗಳು ಬಸ್ಸಿನಲ್ಲಿ ನನ್ನ ಕೈ ಬಿಗಿಯುವಂತೆ ಮಾಡಿದ್ದು ಇದೇ ವಾಸನೆ. ಮುಂದೆ ಗಣಿ ಕೂಲಿಯ ಹೆಂಗಸರನ್ನು ತುಂಬಿದ್ದ ಒಂದು ಟ್ರ್ಯಾಕ್ಟರು ಇಳಿಯುತ್ತಿತ್ತಂತೆ. ಬ್ರೇಕು ಹಿಡಿಯದೆ ಹೋದಾಗ ದೇವೇಂದ್ರ ಅವರ ಮೇಲೆ ಹೋಗುವುದನ್ನು ತಪ್ಪಿಸಲು ಲಾರಿಯನ್ನು ಗುಡ್ಡಕ್ಕೇ ತಿರುಗಿಸಿದ್ದ. ಅದೇ ಹೆಂಗಸರು ಅವನ ತಲೆ ಹಿಡಿದುಕೊಂಡು ನೀರು ಕುಡಿಸುತ್ತಿದ್ದರು. ಎಡಗಾಲು ಪೆಡಲುಗಳ ನಡುವೆ ಸಿಕ್ಕಿ ಜಜ್ಜಿಹೋಗಿತ್ತು. ನನ್ನನ್ನು ನೋಡಿ, ಬ್ರೇಕ್ ಹತ್ತಲಿಲ್ಲರಿ ಅಕ್ಕಾರ ಎಂದಷ್ಟೇ ಹೇಳಿದ. ಬಳ್ಳಾರಿಯ ಆಸ್ಪತ್ರೆಗೆ ಸಾಗಿಸಿದೆವು. ಹುಲಿಗೆಮ್ಮನಿಗೆ ಸುದ್ದಿ ಹೇಳಲು ಬಂಡ್ರಿಯ ಅಂಗಡಿಗೆ ಫೋನ್ ಮಾಡಿದವಳೂ ನಾನೇ. ಅವಳು ಓಡುತ್ತ ಬಂದು ಏದುಸಿರಿನಲ್ಲಿ, ಪಾಸಾದನೇನ್ರಿ ಎಂದಳು.

ಸಂಜೆ ಆಫೀಸಿನಲ್ಲಿ ಚನ್ನಬಸಪ್ಪನವರು ತಲೆಗೆ ಕೈಹೊತ್ತು ಕೂತಿದ್ದರು. ಕೆಟ್ಟ ಮನುಷ್ಯರಲ್ಲ. ನಮ್ಮಪ್ಪ ಕಾಮಾಲೆಯಲ್ಲಿ ಮಲಗಿದ್ದಾಗ ಎರಡು ತಿಂಗಳು ಕೆಲಸವಿಲ್ಲದೆಯೂ ಸಂಬಳ ಕಳಿಸಿದವರು. ಲೈಸೆನ್ಸ್ ಇಲ್ಲದವನು ಓಡಿಸಿದ ಎಂದಾದರೆ ಇನ್ಶೂರೆನ್ಸ್ ಸಿಗುವುದಿಲ್ಲ, ದೇವೇಂದ್ರನ ಮೇಲೂ ತಮ್ಮ ಮೇಲೂ ಕೇಸಾಗುತ್ತದೆ ಎಂದು ಬಿಡಿಸಿ ಹೇಳಿದರು. ದಾರಿ ಒಂದೇ. ಗಾಡಿ ಓಡಿಸುತ್ತಿದ್ದವರು ಈರಣ್ಣ, ದೇವೇಂದ್ರ ಪಕ್ಕದಲ್ಲಿ ಕೂತಿದ್ದ ಎಂದು ಬರೆಯುವುದು. ಈರಣ್ಣನಿಗೆ ಹೆವಿ ಲೈಸೆನ್ಸ್ ಇದೆ, ಮೂವತ್ತು ವರ್ಷದ ಹೆಸರಿದೆ, ಅವನನ್ನು ಯಾರೂ ಹೆಚ್ಚು ಕೇಳುವುದಿಲ್ಲ. ನಿನ್ನ ಮಾತು ಕೇಳುತ್ತಾನೆ, ನಾಳೆ ಹೋಗಿ ಕರೆದುಕೊಂಡು ಬಾ ಎಂದರು. ಹೊಸ ಟ್ರಿಪ್ ಶೀಟಿನಲ್ಲಿ ಈರಣ್ಣ ಕಾಕಾ ಅವರ ಹೆಸರನ್ನು ನನ್ನ ಕೈಯಿಂದಲೇ ಬರೆದೆ. ಹೆದರಿ ಬರೆದೆ ಎಂದರೆ ಅರ್ಧ ಸುಳ್ಳು. ದೇವೇಂದ್ರನ ಸಹಿಯ ಪಕ್ಕದಲ್ಲಿದ್ದ ನನ್ನ ಸಹಿ ಇಲ್ಲವಾಗುತ್ತದಲ್ಲ ಎಂಬ ಆಸೆಯೂ ಇತ್ತು. ಹಳೆಯ ಶೀಟನ್ನು ಹರಿಯಲು ಹೇಳಿದರು. ಮಡಚಿ ಚೀಲದಲ್ಲಿ ಇಟ್ಟುಕೊಂಡೆ.

ಬೆಳಿಗ್ಗೆ ಮರಿಯಮ್ಮನಹಳ್ಳಿಗೆ ಹೋದಾಗ ಮದುವೆಯ ಚಪ್ಪರ ಇನ್ನೂ ಬಿಚ್ಚಿರಲಿಲ್ಲ. ಈರಣ್ಣ ಕಾಕಾ ಜಮಖಾನೆ ಸುತ್ತುತ್ತಿದ್ದರು. ಎಲ್ಲವನ್ನೂ ಕೂತು ಕೇಳಿದರು. ಯಾವ ಕಾಲು ಎಂದು ಕೇಳಿದರು. ಎಡಗಾಲು ಎಂದೆ. ಅರ್ಧ ಸುತ್ತಿದ್ದ ಜಮಖಾನೆಯನ್ನು ಪೂರ್ತಿ ಸುತ್ತಿ ಬದಿಗಿಟ್ಟರು. ಅವರು ಬೈಯುತ್ತಾರೆ, ಆಗುವುದಿಲ್ಲ ಎನ್ನುತ್ತಾರೆ, ನಾನು ಹಾಗೇ ಹಿಂದಿರುಗಿ ಹೋಗಿ ಆಗಲಿಲ್ಲ ಎಂದು ಹೇಳಬಹುದು ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಅವರು ಬೈಯಲಿಲ್ಲ.

"ನಾ ಊರಿಗೆ ಬರದಿದ್ರ ಅವ ಗಾಡಿ ಹತ್ತತಿರಲಿಲ್ಲ," ಎಂದರು. "ನಂದು ಇನ್ನ ನಾಕೈದು ವರ್ಷದ ಮಾತು. ಅವಂದು ಭಾಳ ಉಳದೈತಿ. ನಡಿಯವ್ವ, ಬರ್ತೀನಿ."

ಒಳಗೆ ಹೋಗಿ ದೇವರ ಗೂಡಿನಿಂದ ಲೈಸೆನ್ಸ್ ತಂದರು. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟಿದ್ದರು, ಅದರ ಮೇಲೆ ವಿಭೂತಿ ಉದುರಿತ್ತು. ಉಫ್ ಎಂದು ಊದಿ ಅಂಗಿಯ ಜೇಬಿಗೆ ಹಾಕಿಕೊಂಡರು.

ಹೊಸಪೇಟೆಯ ಬಸ್ಸು ಹತ್ತಿದೆವು. ಎಡಕ್ಕೆ ತುಂಗಭದ್ರೆಯ ಹಿನ್ನೀರು ಬಿಸಿಲಿಗೆ ದೂರ ಸರಿದು, ಒಡೆದ ಮಣ್ಣು ಕಾಣುತ್ತಿತ್ತು. ಎದುರಿನಿಂದ ಬರುವ ಲಾರಿಗಳನ್ನು ಅವರು ಒಂದೊಂದಾಗಿ ನೋಡುತ್ತಿದ್ದರು. ಹೊಸಪೇಟೆ ಹತ್ತಿರ ಬಂದಾಗ, ಏನೋ ಕೂಲಿಯ ವಿಷಯ ಕೇಳುವವರಂತೆ ಮೆಲ್ಲಗೆ ಕೇಳಿದರು.

"ಪೊಲೀಸ್ನೋರು ಕೇಳಿದ್ರ, ಆ ತಿರುವಿನಾಗ ಯಾವ ಗೇರಿನಾಗ ಇದ್ದೆ ಅಂತ ಹೇಳ್ಲಿ ಗಿರಿಜವ್ವ? ಎರಡರಾಗ ಇದ್ದೆ ಅಂದ್ರ ನಂಬೂದಿಲ್ಲ, ಎರಡರಾಗ ಗಾಡಿ ಹಂಗ ಓಡೂದಿಲ್ಲ. ನಾಕರಾಗ ಇದ್ದೆ ಅನ್ನಬೇಕು."

ನಾನು ಕಿಟಕಿಯ ಕಡೆ ತಿರುಗಿದೆ. ಮೂವತ್ತು ವರ್ಷ ಆ ಮನುಷ್ಯ ಯಾವ ಇಳಿಜಾರನ್ನೂ ನಾಲ್ಕನೇ ಗೇರಿನಲ್ಲಿ ಇಳಿದವರಲ್ಲ. ಅಪಘಾತವನ್ನು ತಮ್ಮ ತಲೆಗೆ ಹಾಕಿಕೊಳ್ಳಲು ಅವರಿಗೆ ಕಷ್ಟವಿರಲಿಲ್ಲ. ನಾಲ್ಕನೇ ಗೇರು ಎನ್ನಲು ಬಾಯಿ ಬರುತ್ತಿರಲಿಲ್ಲ, ಅದಕ್ಕಾಗಿ ಅಭ್ಯಾಸ ಮಾಡಿಕೊಳ್ಳುತ್ತಿದ್ದರು. ಚೀಲದಲ್ಲಿ ಎರಡು ಟ್ರಿಪ್ ಶೀಟುಗಳಿದ್ದವು, ಹಳೆಯದೂ ಹೊಸದೂ. ಬಸ್ಸು ಇಳಿಯುವ ಹೊತ್ತಿಗೆ ಯಾವುದನ್ನು ಕೊಡಬೇಕೆಂಬುದು ನನ್ನಲ್ಲಿ ತೀರ್ಮಾನವಾಗಿತ್ತು. ಧೈರ್ಯ ಬಂತು ಎಂದಲ್ಲ.

ಠಾಣೆಯಲ್ಲಿ ಚನ್ನಬಸಪ್ಪನವರು ಮೊದಲೇ ಬಂದು ಕುರ್ಚಿಯ ಮೇಲೆ ಕೂತಿದ್ದರು. ಪೊಲೀಸ್ ಸಾಹೇಬರು ಟ್ರಿಪ್ ಶೀಟ್ ಕೇಳಿದರು. ನಾನು ಹಳೆಯದನ್ನು ಬಿಡಿಸಿ ಮೇಜಿನ ಮೇಲಿಟ್ಟೆ. ಓಡಿಸಿದವನು ದೇವೇಂದ್ರ, ಹೆವಿ ಲೈಸೆನ್ಸ್ ಇಲ್ಲವೆಂದು ಗೊತ್ತಿದ್ದೂ ಕೀಲಿ ಕೊಟ್ಟವಳು ನಾನು, ಈರಣ್ಣನವರು ಆ ದಿನ ಊರಿನಲ್ಲಿ ಮದುವೆಯಲ್ಲಿದ್ದರು ಎಂದೆ. ಸಾವಕಾರರು ಹೇಳಿದರು ಎಂದು ಸೇರಿಸಲಿಲ್ಲ. ಸಾಹೇಬರು ಅವರ ಕಡೆ ತಿರುಗಿದರು. ಚನ್ನಬಸಪ್ಪನವರು ತಲೆ ಎತ್ತದೆ, ಕೊಡು ಅಂತ ಹೇಳಿದವನು ನಾನು ಎಂದರು. ಅದನ್ನು ಅವರು ಹೇಳುತ್ತಾರೆಂದು ನಾನು ಎಣಿಸಿರಲಿಲ್ಲ. ಹೊರಗೆ ಬಂದ ಮೇಲೆ ನನ್ನ ಮುಖ ನೋಡದೆ ಜೀಪು ಹತ್ತಿ ಹೋದರು.

ಈರಣ್ಣ ಕಾಕಾ ಮೆಟ್ಟಿಲ ಮೇಲೆ ಕೂತು, ಕೊಳಾಯಿಯ ನೀರು ಕುಡಿದು, ಮುಖ ಒರೆಸಿಕೊಂಡರು.

"ನನ್ನ ಬಾಯಾಗ ಸುಳ್ಳು ಬರೂದು ತಪ್ಪಿಸಿದಿ," ಎಂದರು. "ದೇವೇಂದ್ರನ ಮ್ಯಾಲೆ ಕೇಸು ತಂದಿ. ಎರಡೂ ನೆನಪಿಟಗೋ."

ಮರುದಿನ ಕೆಲಸ ಹೋಯಿತೆಂದೇ ತಿಳಿದು ಅಂಗಳಕ್ಕೆ ಹೋದೆ. ಐದೂ ಮಂದಿ ಡ್ರೈವರು ಕೀಲಿಗಳನ್ನು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟು, ಬೇವಿನಮರದ ಕೆಳಗೆ ಕೂತಿದ್ದರು. ದೇವೇಂದ್ರನ ಆಸ್ಪತ್ರೆಯ ಖರ್ಚು ಯಾರು ನೋಡುತ್ತಾರೆ ಎಂದು ತಿಳಿಯದೆ ಏಳುವುದಿಲ್ಲ ಎಂದರು. ಚನ್ನಬಸಪ್ಪನವರು ಬಂದರು, ಕೀಲಿಗಳನ್ನು ನೋಡಿದರು. ಕೂಗಾಡುತ್ತಾರೆಂದು ಕಾದೆವು. ನಿನ್ನೆ ಠಾಣೆಯಿಂದ ನೇರ ಬಳ್ಳಾರಿಗೇ ಹೋಗಿದ್ದೆ, ಡಾಕ್ಟರು ಕಾಲು ತೆಗೆಯುವುದು ಬೇಡ ಅಂದಿದ್ದಾರೆ, ಅವನು ಏಳುವ ತನಕ ನನ್ನ ಜವಾಬ್ದಾರಿ ಎಂದರು. ಆಮೇಲೆ ಕೀಲಿ ತೂಗುಹಾಕುವ ಹಲಗೆಯನ್ನು ನನ್ನ ಗೋಡೆಯಿಂದ ತೆಗೆಸಿ, ಈರಣ್ಣ ಕಾಕಾ ಕೂರುವ ಶೆಡ್ಡಿನಲ್ಲಿ ಹೊಡೆಸಿದರು. ಅಲ್ಲಿಂದ ಮುಂದೆ ಅವರ ಮಾತಿಲ್ಲದೆ ಒಂದು ಗಾಡಿಯೂ ಹೊರಡಲಿಲ್ಲ. ನನ್ನ ಜೊತೆ ಚನ್ನಬಸಪ್ಪನವರು ಮಾತಾಡಿದ್ದು ಮಳೆ ಶುರುವಾದ ಮೇಲೆ.

ಇನ್ಶೂರೆನ್ಸ್ ಬರಲಿಲ್ಲ. ಎರಡು ಲಾರಿಗಳನ್ನು ಮಾರಿದರು, ನಾಲ್ಕು ನಿಂತೇ ಇದ್ದವು. ಆ ಮಳೆಗಾಲವೆಲ್ಲ ರಸ್ತೆ ಕೆಂಪು ರಾಡಿಯಾಗಿ, ಲಾರಿಗಳು ಗಂಟೆಗಟ್ಟಲೆ ಹೂತು ನಿಲ್ಲುತ್ತಿದ್ದವು. ಅಕ್ಕಪಕ್ಕದ ಅಂಗಳಗಳಿಂದ ದಿನಕ್ಕೊಬ್ಬ ಡ್ರೈವರು ಓಡಿಹೋಗುವ ಸುದ್ದಿ ಬರುತ್ತಿತ್ತು. ನಮ್ಮ ಐವರಲ್ಲಿ ಒಬ್ಬರೂ ಹೋಗಲಿಲ್ಲ. ಶ್ರಾವಣದಲ್ಲಿ, ಮೊಬೈಲಿಗೆ ಹೋಗಿದ್ದ ನಾಲ್ವರಲ್ಲಿ ಇಬ್ಬರು ವಾಪಸು ಬಂದರು. ಈರಣ್ಣ ಕಾಕಾ ಅವರನ್ನು ಹೊಸಬರಂತೆ ಮತ್ತೆ ಏರಿಗೆ ಕರೆದೊಯ್ದು ಪರೀಕ್ಷೆ ಮಾಡಿಯೇ ಕೀಲಿ ಕೊಟ್ಟರು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ನಾನು ಒಳ್ಳೆಯವಳಾಗಿಬಿಡುತ್ತೇನೆ. ಹುಲಿಗೆಮ್ಮನ ಮಾತು ಉಳಿದಿದೆ. ಕೇಸಾದ ವಾರ ಆಸ್ಪತ್ರೆಗೆ ಹಣ್ಣು ತೆಗೆದುಕೊಂಡು ಹೋಗಿದ್ದೆ. ಅವಳು ನನ್ನನ್ನು ವಾರ್ಡಿನ ಬಾಗಿಲಲ್ಲೇ ತಡೆದಳು.

"ಕೀಲಿ ಕೊಟ್ಟೋರೂ ನೀವ, ಬರಕೊಟ್ಟೋರೂ ನೀವ," ಎಂದಳು, ದನಿ ಏರಿಸದೆ. "ನಿಮ್ಮ ಮನಸಿಗೆ ಸಮಾಧಾನ ಆತು. ನನ್ನ ಗಂಡ ಕುಂಟಕೋತ ಕೋರ್ಟಿಗೆ ಹೋಗ್ಬೇಕು."

ಹಣ್ಣು ತೆಗೆದುಕೊಳ್ಳಲಿಲ್ಲ. ಅವಳು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಸಂಡೂರಿನ ಕೋರ್ಟಿಗೆ ಆ ವರ್ಷ ಐದು ಸಲ ಹೋದೆವು, ಚನ್ನಬಸಪ್ಪನವರು, ದೇವೇಂದ್ರ ಆರೋಪಿಗಳಾಗಿ, ನಾನು ಸಾಕ್ಷಿಯಾಗಿ. ಚನ್ನಬಸಪ್ಪನವರು ಜೀಪಿನಲ್ಲಿ ಬಾ ಎಂದರೂ ನಾನು ಬಸ್ಸಿನಲ್ಲೇ ಹೋಗುತ್ತಿದ್ದೆ. ದೇವೇಂದ್ರ ಮೊದಲು ಎರಡು ಕಂಕುಳುಗೋಲು, ಆಮೇಲೆ ಒಂದು, ಆಮೇಲೆ ಬರೀ ಒಂದು ಬಡಿಗೆ ಹಿಡಿದು ಬರುತ್ತಿದ್ದ. ನನ್ನನ್ನು ಕಂಡರೆ ಮೊದಲಿನಂತೆಯೇ ಅಕ್ಕಾರ ಎನ್ನುತ್ತಿದ್ದ, ಲಾರಿಗಳ ಸುದ್ದಿ ಕೇಳುತ್ತಿದ್ದ. ಪಾದ ಮಡಚಲು ಬರುತ್ತಿರಲಿಲ್ಲ. ಇನ್ನು ಕ್ಲಚ್ ತುಳಿಯುವ ಹಾಗಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಈರಣ್ಣ ಕಾಕಾ ಹಟ ಹಿಡಿದು ಅವನಿಗೆ ವೇಬ್ರಿಡ್ಜಿನಲ್ಲಿ ಕೂತು ಮಾಡುವ ಕೆಲಸ ಕೊಡಿಸಿದ್ದರು. ಹುಲಿಗೆಮ್ಮ ಪ್ರತಿಸಲವೂ ಬರುತ್ತಿದ್ದಳು, ಪ್ರತಿಸಲವೂ ನನ್ನಿಂದ ದೂರ, ಹುಣಸೆಮರದ ಆಚೆ ಕೂರುತ್ತಿದ್ದಳು. ಜಡ್ಜ್ ಸಾಹೇಬರು ನನ್ನನ್ನು ಕರೆದು ಕೇಳಿದಾಗ ಠಾಣೆಯಲ್ಲಿ ಹೇಳಿದ್ದನ್ನೇ ಹೇಳಿದೆ, ಟ್ರ್ಯಾಕ್ಟರಿನ ಹೆಂಗಸರನ್ನು ಉಳಿಸಿದ್ದನ್ನೂ ಹೇಳಿದೆ. ಆ ಹೆಂಗಸರಲ್ಲಿ ಇಬ್ಬರು ಒಂದು ದಿನದ ಕೂಲಿ ಬಿಟ್ಟು ಬಂದು ಅದನ್ನೇ ಹೇಳಿ ಹೋದರು.

ದೀಪಾವಳಿಗೆ ಮುಂಚೆ ತೀರ್ಪು ಬಂತು. ದೇವೇಂದ್ರನಿಗೆ, ಚನ್ನಬಸಪ್ಪನವರಿಗೆ ದಂಡ. ಜೈಲಿಲ್ಲ. ದೇವೇಂದ್ರನ ದಂಡವನ್ನೂ ಚನ್ನಬಸಪ್ಪನವರೇ ಕಟ್ಟಿದರು. ಹೊರಗೆ ಬಂದಾಗ ಮೋಡ ಕವಿದು ತಣ್ಣನೆ ಗಾಳಿ ಬೀಸುತ್ತಿತ್ತು. ಎಲ್ಲರಿಗೂ ಹಸಿವು. ಕೋರ್ಟಿನ ಎದುರಿನ ಹೋಟೆಲಿನಲ್ಲಿ ಈರಣ್ಣ ಕಾಕಾ ಮಂಡಕ್ಕಿ, ಮಿರ್ಚಿ ಹೇಳಿದರು. ಒಳಗೆ ಇದ್ದದ್ದು ಒಂದೇ ಉದ್ದ ಬೆಂಚು. ಗಂಡಸರು ಒಂದು ತುದಿಯಲ್ಲಿ ಕೂತರು. ಇನ್ನೊಂದು ತುದಿಯಲ್ಲಿ ಹುಲಿಗೆಮ್ಮ, ಪಕ್ಕದಲ್ಲಿ ಅವಳ ಚೀಲ. ನಾನು ತಟ್ಟೆ ಹಿಡಿದುಕೊಂಡು ಬಾಗಿಲ ಬಳಿ ನಿಂತಿದ್ದೆ. ಬಸ್ಸಿಗೆ ಇನ್ನೂ ಹೊತ್ತಿತ್ತು, ತಿಂದು ನಡೆದುಬಿಡೋಣ ಎಂದುಕೊಂಡಿದ್ದೆ.

ಹುಲಿಗೆಮ್ಮ ಸ್ವಲ್ಪ ಹೊತ್ತು ತನ್ನ ತಟ್ಟೆಯನ್ನೇ ನೋಡುತ್ತಿದ್ದಳು. ಆಮೇಲೆ ಚೀಲವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು.

"ಕುಂದ್ರಿ ಅಕ್ಕ," ಎಂದಳು. "ನಿಂತಕೊಂಡು ತಿಂದ್ರ ಮೈಗೆ ಹತ್ತೂದಿಲ್ಲ."

ಹೋಗಿ ಅವಳ ಪಕ್ಕದಲ್ಲಿ ಕೂತೆ.